ನಲವತ್ತೇಳರಲ್ಲಿ ವೃತ್ತಿ ಬದಲಾವಣೆ: ರಾಜೀನಾಮೆಗೆ ಮುಂಚಿನ ಲೆಕ್ಕಗಳು

ಪ್ರಶ್ನೆ: ನನಗೆ 47 ವರ್ಷ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ್ದೇನೆ. ಪೀಣ್ಯದ ಒಂದು ವಾಹನ ಬಿಡಿಭಾಗಗಳ ಕಾರ್ಖಾನೆಯಲ್ಲಿ, ಗುಣಮಟ್ಟ ವಿಭಾಗದಲ್ಲಿ 23 ವರ್ಷಗಳಿಂದ ಇದ್ದೇನೆ. ಕ್ಯಾಮೆರಾ ತಪಾಸಣೆಯ ಯಂತ್ರಗಳು ಬಂದ ಮೇಲೆ ನಮ್ಮ ವಿಭಾಗದಲ್ಲಿ ಜನ ಕಡಿಮೆಯಾಗುತ್ತಿದ್ದಾರೆ. ಪಾಠ ಹೇಳಬೇಕೆಂಬ ಆಸೆ ನನಗೆ ಮೊದಲಿನಿಂದಲೂ ಇದೆ. ಈಗ ಕೆಲಸ ಬಿಟ್ಟು ಓದಿ, ಬಿ.ಇಡಿ. ಮುಗಿಸಿ ಶಿಕ್ಷಕನಾಗಬಹುದೆ? ಪಿಎಫ್, ಗ್ರಾಚ್ಯುಟಿ ಹಾಕಿ ದರ್ಶಿನಿ ತೆರೆಯೋಣ ಎಂದು ಭಾವಮೈದುನ ಒತ್ತಾಯಿಸುತ್ತಿದ್ದಾರೆ. ಮೂಲವೇತನ, ತುಟ್ಟಿಭತ್ಯೆ ಸೇರಿ 38,000 ರೂಪಾಯಿ. ಮನೆಸಾಲದ ಕಂತು ಇನ್ನೂ ಆರು ವರ್ಷ ಇದೆ. ಮಗಳು ಪ್ರಥಮ ಪಿಯುಸಿ. ನನಗೆ ಸಕ್ಕರೆ ಕಾಯಿಲೆ ಇದೆ.
– ಹೆಸರು ಬೇಡ, ಬೆಂಗಳೂರು

ಉತ್ತರ: ಪಾಠ ಹೇಳುವ ಆಸೆಯನ್ನು ಬಿಡಬೇಡಿ. ಆದರೆ ಬಿ.ಇಡಿ. ದಾರಿ ನಿಮಗೆ ಬೇಡ. ಬಿ.ಇಡಿ.ಗೆ ಸೇರಲು ಪದವಿ ಇರಬೇಕು, ನಿಮ್ಮಲ್ಲಿರುವುದು ಡಿಪ್ಲೊಮಾ. ಪದವಿಗೆ ಮೂರು ವರ್ಷ, ಬಿ.ಇಡಿ.ಗೆ ಎರಡು ವರ್ಷ, ಅದರ ಮೇಲೆ ಶಿಕ್ಷಕರ ಅರ್ಹತಾ ಪರೀಕ್ಷೆ. ಎಲ್ಲವೂ ಸರಿಯಾಗಿ ನಡೆದರೂ ನಿಮಗೆ 52 ದಾಟಿರುತ್ತದೆ. ಆಗ ಸರ್ಕಾರಿ ನೇಮಕಾತಿಯ ವಯೋಮಿತಿ ಮೀರಿರುತ್ತದೆ. ಉಳಿಯುವುದು ಖಾಸಗಿ ಶಾಲೆ, ಅದೂ ಹೊಸಬರ ಸಂಬಳದಲ್ಲಿ. ಹಾಗೆ ಹೋದರೆ 23 ವರ್ಷ ಕಲಿತದ್ದರಲ್ಲಿ ಯಾವುದೂ ತರಗತಿಗೆ ಬರುವುದಿಲ್ಲ. ನನ್ನನ್ನು ಹೆಚ್ಚು ಕಾಡುವುದು ಈ ಕೊನೆಯ ಮಾತೇ.

ನಿಮ್ಮ ವಿದ್ಯೆಯನ್ನೇ ಕಲಿಸುವ ಜಾಗಗಳು ಬೇರೆ ಇವೆ. ಮೈಕ್ರೊಮೀಟರ್ ಹಿಡಿಯುವುದು, ಡ್ರಾಯಿಂಗ್ ಓದುವುದು, ಮೊದಲ ಪೀಸನ್ನು ಪರೀಕ್ಷಿಸಿ ಉತ್ಪಾದನೆಗೆ ಒಪ್ಪಿಗೆ ಕೊಡುವುದು, ಗ್ರಾಹಕ ವಾಪಸು ಕಳಿಸಿದ ಮಾಲಿನ ದೋಷ ಎಲ್ಲಿ ಹುಟ್ಟಿತೆಂದು ಹುಡುಕುವುದು: ಐಟಿಐ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಇವು ಪುಸ್ತಕದಿಂದ ಬರುವುದಿಲ್ಲ. ಐಟಿಐ ಬೋಧಕರಾಗಲು ಕೇಂದ್ರ ಸರ್ಕಾರದ ತರಬೇತಿ ಮಹಾನಿರ್ದೇಶನಾಲಯದ ಕುಶಲಕರ್ಮಿ ಬೋಧಕರ ತರಬೇತಿ ಇದೆ. ಅದರ ಅವಧಿ ಒಂದು ವರ್ಷ, ಡಿಪ್ಲೊಮಾ ಆದವರೂ ಸೇರಬಹುದು. ಅದನ್ನು ಕೊಡುವ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆ ಬೆಂಗಳೂರಿನಲ್ಲೇ ಇದೆ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಆರಂಭವಾದ ನಮ್ಮ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಎಲ್ಲರೂ ಜಿಟಿಟಿಸಿ ಎನ್ನುವ ಸಂಸ್ಥೆಗೆ, ರಾಜ್ಯದ ಹಲವು ಊರುಗಳಲ್ಲಿ ಶಾಖೆಗಳಿವೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೆ ಏರಿಸಿದ್ದನ್ನು 2022ರಲ್ಲಿ ನೀವು ಪತ್ರಿಕೆಗಳಲ್ಲಿ ಓದಿರಬಹುದು. ಯಂತ್ರ ಬಂದ ಕಡೆ ಅದರ ಮುಂದೆ ನಿಂತು ಕೆಲಸ ಮಾಡಿದ ಅನುಭವಿಗಳೂ ಬೇಕು. ಕಾಯಂ ಸರ್ಕಾರಿ ಹುದ್ದೆಗೆ ಇಲ್ಲೂ ವಯಸ್ಸು ಅಡ್ಡ ಬರುತ್ತದೆ. ಆದ್ದರಿಂದ ಅತಿಥಿ ಬೋಧಕರ ಕೆಲಸ, ಖಾಸಗಿ ಐಟಿಐ, ದೊಡ್ಡ ಕಾರ್ಖಾನೆಗಳ ಒಳಗಿನ ತರಬೇತಿ ಕೇಂದ್ರಗಳನ್ನು ನೋಡಿ. ಅತಿಥಿ ಬೋಧಕರ ಸಂಭಾವನೆ ನಿಮ್ಮ ಈಗಿನ ಸಂಬಳಕ್ಕಿಂತ ಬಹಳ ಕಡಿಮೆ ಇರುತ್ತದೆ, ಇದನ್ನು ಮನೆಯವರಿಗೆ ಮೊದಲೇ ಹೇಳಿಬಿಡಿ.

ಅದೇ ಕಾರಣಕ್ಕೆ, ಹೊಟ್ಟೆಪಾಡಿಗೆ ಇನ್ನೊಂದು ದಾರಿಯೂ ಜೊತೆಗಿರಲಿ. ಅಳತೆ ಉಪಕರಣಗಳನ್ನು ಪರಿಶೀಲಿಸಿ ಪ್ರಮಾಣಪತ್ರ ಕೊಡುವ ಕ್ಯಾಲಿಬ್ರೇಷನ್ ಪ್ರಯೋಗಾಲಯಗಳು ಬೆಂಗಳೂರಿನಲ್ಲಿ ಸಾಕಷ್ಟಿವೆ. ಇವುಗಳಿಗೆ ಮಾನ್ಯತೆ ಕೊಡುವುದು ಎನ್‌ಎಬಿಎಲ್ ಎಂಬ ರಾಷ್ಟ್ರೀಯ ಮಾನ್ಯತಾ ಮಂಡಳಿ, ಅನುಸರಿಸುವ ಮಾನದಂಡ ಐಎಸ್‌ಒ/ಐಇಸಿ 17025. ವಾಹನ ಉದ್ಯಮದ ಐಎಟಿಎಫ್ 16949 ಮಾನದಂಡವಂತೂ ನಿಮಗೆ ದಿನನಿತ್ಯದ ವಿಷಯ. ಅದರ ಆಂತರಿಕ ಆಡಿಟರ್, ಅಂದರೆ ಗುಣಮಟ್ಟ ವ್ಯವಸ್ಥೆಯ ಪರಿಶೀಲಕರ ಕೋರ್ಸ್ ಕೆಲವೇ ದಿನಗಳದ್ದು. ಅದನ್ನು ಮುಗಿಸಿದರೆ ಸಣ್ಣ ಬಿಡಿಭಾಗ ಘಟಕಗಳಿಗೆ ಹೋಗಿ ಗುಣಮಟ್ಟದ ವ್ಯವಸ್ಥೆ ಕಟ್ಟಿಕೊಡುವ ಕೆಲಸಕ್ಕೆ ಬಾಗಿಲು ತೆರೆಯುತ್ತದೆ. ಅದೂ ಒಂದು ರೀತಿಯಲ್ಲಿ ಪಾಠ ಹೇಳುವುದೇ. ಕ್ಯಾಮೆರಾ ಯಂತ್ರದ ಬಗ್ಗೆ ಒಂದು ಮಾತು: ಅದು ಗೀರು, ಬಿರುಕುಗಳನ್ನು ವೇಗವಾಗಿ ಹಿಡಿಯುತ್ತದೆ, ನಿಜ. ಎಷ್ಟು ಗೀರು ಒಪ್ಪಬಹುದೆಂದು ಮಿತಿ ಹಾಕುವವರು, ಒಳ್ಳೆಯ ಮಾಲನ್ನು ಸುಮ್ಮನೆ ತಿರಸ್ಕರಿಸುತ್ತಿದ್ದರೆ ಗುರುತಿಸುವವರು ಮನುಷ್ಯರೇ. ಆ ಯಂತ್ರವನ್ನು ದೂರವಿಡಬೇಡಿ. ಅದರ ಸೆಟ್ಟಿಂಗ್ ಕಲಿಯಲು ನಿಮ್ಮ ಹೆಸರನ್ನೇ ಮೊದಲು ಕೊಡಿ.

ಈಗ ಹಣದ ವಿಷಯ. ಇದನ್ನು ಕಾಗದದ ಮೇಲೆ ಬರೆದು, ಪತ್ನಿಯವರ ಜೊತೆ ಕೂತು ನೋಡಿ.

ಗ್ರಾಚ್ಯುಟಿಯ ಲೆಕ್ಕ ಸರಳ. ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ನಿಮ್ಮ ವಿಷಯದಲ್ಲಿ ಅದು ಸುಮಾರು 5,04,000 ರೂಪಾಯಿ. ಪಿಎಫ್ ಖಾತೆಯನ್ನು ಮುಚ್ಚಬೇಡಿ. ಹೊಸ ಕೆಲಸ ಸಿಕ್ಕಿದರೆ ಅದೇ ಯುಎಎನ್‌ನಲ್ಲಿ, ಅಂದರೆ ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆಯಲ್ಲಿ, ವರ್ಗಾಯಿಸಿಕೊಳ್ಳಿ. ಹತ್ತು ವರ್ಷದ ಸೇವೆ ದಾಟಿರುವುದರಿಂದ ಪಿಎಫ್ ಜೊತೆಗಿನ ನೌಕರರ ಪಿಂಚಣಿಯ ಹಕ್ಕು ನಿಮಗೆ ಬಂದಿದೆ, ಕೆಲಸ ಬಿಟ್ಟರೂ ಅದು ಹೋಗುವುದಿಲ್ಲ. ಪೂರ್ತಿ ಪಿಂಚಣಿ 58ಕ್ಕೆ. ಐವತ್ತರ ನಂತರ ಬೇಗ ಪಡೆಯಲು ಅವಕಾಶವಿದೆ, ಆದರೆ ಪ್ರತಿ ವರ್ಷಕ್ಕೆ ಶೇ 4ರಷ್ಟು ಕಡಿತವಾಗುತ್ತದೆ, ಆ ಕಡಿತ ಜೀವನಪೂರ್ತಿ ಉಳಿಯುತ್ತದೆ. ಬೇರೆ ದಾರಿಯೇ ಇಲ್ಲದ ಹೊರತು ಅದಕ್ಕೆ ಕೈ ಹಾಕಬೇಡಿ.

ಆರೋಗ್ಯ ವಿಮೆಯನ್ನು ಮಾತ್ರ ಈ ತಿಂಗಳೇ ಮಾಡಿಸಿ. ಕಂಪನಿಯ ಗುಂಪು ವಿಮೆ ನೀವು ಕೆಲಸ ಬಿಟ್ಟೊಡನೆ ನಿಲ್ಲುತ್ತದೆ. ನಿಮ್ಮದೇ ಪಾಲಿಸಿ ಕೊಂಡರೆ ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ ಮೂರು ವರ್ಷ ಕಾಯಿಸುವ ಅವಕಾಶ ವಿಮಾ ಕಂಪನಿಗಳಿಗಿದೆ. ಆ ಕಾಯುವ ಕಾಲ ಈಗಿನ ನೌಕರಿಯಲ್ಲಿರುವಾಗಲೇ ಓಡಲಿ. ಗುಂಪು ವಿಮೆಯಿಂದ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಲು ಸಾಧ್ಯವೇ ಎಂದೂ ಕೇಳಿ, ಈವರೆಗಿನ ಅವಧಿಯ ಲಾಭ ಸಿಗಬಹುದು. ಅರ್ಜಿಯಲ್ಲಿ ಸಕ್ಕರೆ ಕಾಯಿಲೆಯನ್ನು ಮರೆಮಾಚಬೇಡಿ. ಮುಚ್ಚಿಟ್ಟ ಕಾಯಿಲೆ ಆಸ್ಪತ್ರೆಯ ಬಿಲ್ಲಿನ ದಿನ ಹೊರಬರುತ್ತದೆ.

ಆತುರದಲ್ಲಿ ರಾಜೀನಾಮೆ ಬರೆಯಬೇಡಿ ಎನ್ನಲು ಇನ್ನೊಂದು ಬಲವಾದ ಕಾರಣವಿದೆ. ಕಂಪನಿಯೇ ಜನ ಕಡಿತ ಮಾಡಿದರೆ ಕಾನೂನಿನ ಪ್ರಕಾರ ಕಾರ್ಮಿಕರಿಗೆ ಗ್ರಾಚ್ಯುಟಿಯಲ್ಲದೆ, ಪ್ರತಿ ವರ್ಷದ ಸೇವೆಗೆ 15 ದಿನದ ವೇತನ ಪರಿಹಾರವಾಗಿ ಸಿಗಬೇಕು. ತಾವಾಗಿಯೇ ಬಿಟ್ಟವರಿಗೆ ಅದು ಇಲ್ಲ. ನೀವು ಕಾನೂನಿನ ದೃಷ್ಟಿಯಲ್ಲಿ ಕಾರ್ಮಿಕರೋ ಮೇಲ್ವಿಚಾರಕರೋ ಎಂಬುದು ಹುದ್ದೆಯ ಹೆಸರಿನಿಂದಲ್ಲ, ನೀವು ಮಾಡುವ ಕೆಲಸದ ಸ್ವರೂಪದಿಂದ ತೀರ್ಮಾನವಾಗುತ್ತದೆ. ಸ್ವಯಂ ನಿವೃತ್ತಿಯ ಪತ್ರ ಮುಂದೆ ಬಂದರೆ ಸಹಿ ಹಾಕದೆ ಮನೆಗೆ ತನ್ನಿ, ಕಾರ್ಮಿಕ ಕಾನೂನು ಬಲ್ಲ ವಕೀಲರಿಗೆ ತೋರಿಸಿ.

ದರ್ಶಿನಿಗೆ ನನ್ನ ಉತ್ತರ: ಬೇಡ. ಅಂಗಡಿಯ ಮುಂಗಡ, ಅಡುಗೆಮನೆಯ ಪಾತ್ರೆ, ಒಲೆಗಳಿಗೇ ನಿಮ್ಮ ಐದು ಲಕ್ಷ ಕರಗಿಹೋಗುತ್ತದೆ. ಅಡುಗೆಯವರು ಒಂದು ಬೆಳಿಗ್ಗೆ ಬಾರದಿದ್ದರೆ ಇಡ್ಲಿ ಹಿಟ್ಟಿನ ಮುಂದೆ ನಿಲ್ಲಬಲ್ಲವರು ನಿಮ್ಮಿಬ್ಬರಲ್ಲಿ ಯಾರು? ಭಾವಮೈದುನರಿಗೆ ನಿಜವಾದ ಉತ್ಸಾಹ ಇದ್ದರೆ ಮೂರು ತಿಂಗಳು ಯಾವುದಾದರೂ ಹೋಟೆಲಿನಲ್ಲಿ ದುಡಿದು ಬರಲಿ, ಆಮೇಲೆ ಅವರ ಹಣದಲ್ಲಿ ತೆರೆಯಲಿ. ಸಂಬಂಧ ಕೆಡದಂತೆ ಹೀಗೆ ಹೇಳಿ: ‘ಈ ಹಣ ಮಗಳ ಓದಿಗೆ ಮತ್ತು ಮನೆಸಾಲಕ್ಕೆ ಎಂದು ತೆಗೆದಿಟ್ಟಿದ್ದೇನೆ.’ ಅದು ಸುಳ್ಳೇನೂ ಅಲ್ಲ.

ಮುಂದಿನ ಒಂದೂವರೆ ವರ್ಷ ಕೆಲಸದಲ್ಲೇ ಇರಿ. ಕಾರ್ಖಾನೆಗೆ ಬರುವ ಅಪ್ರೆಂಟಿಸ್ ಹುಡುಗರಿಗೆ ಅಳತೆಯ ಪಾಠ ಮಾಡುತ್ತೇನೆಂದು ನೀವಾಗಿಯೇ ಕೇಳಿ ಪಡೆಯಿರಿ, ಮಾಡಿದ್ದಕ್ಕೆ ಪತ್ರವನ್ನೂ ಪಡೆಯಿರಿ. ಮೇಲಧಿಕಾರಿಗಳು ಒಪ್ಪಿದರೆ ರಜೆಯ ದಿನ ಹತ್ತಿರದ ಐಟಿಐಯಲ್ಲಿ ಒಂದೆರಡು ತರಗತಿ ತೆಗೆದುಕೊಳ್ಳಿ. ಹದಿನೆಂಟರ ಹುಡುಗರು ಕೇಳದೆ ಗದ್ದಲ ಮಾಡುವಾಗಲೂ ನಿಮಗೆ ಅಲ್ಲಿ ನಿಲ್ಲಬೇಕೆನಿಸುತ್ತದೆಯೇ ಎಂಬುದು ಅಲ್ಲಿ ಮಾತ್ರ ಗೊತ್ತಾಗುತ್ತದೆ. ಅಷ್ಟರಲ್ಲಿ ಮಗಳ ಪಿಯುಸಿ ಮುಗಿಯುತ್ತದೆ. ಒಂದು ವರ್ಷದ ಮನೆಖರ್ಚು ಮತ್ತು ಸಾಲದ ಕಂತಿನಷ್ಟು ಹಣ ಬ್ಯಾಂಕಿನಲ್ಲಿ ಕೂಡಿದ ಮೇಲೆ ತೀರ್ಮಾನ ಮಾಡಿ.

ಪ್ರಶ್ನೆ: ನನಗೆ 54. ಲೆಕ್ಕ ಬರೆಯುತ್ತಿದ್ದ ಬಟ್ಟೆ ಅಂಗಡಿ ಮುಚ್ಚಿದ ಮೇಲೆ ಲೆಕ್ಕಪರಿಶೋಧಕರ ಕಚೇರಿಯೊಂದಕ್ಕೆ ಸೇರಿದ್ದೇನೆ. ಎಲ್ಲವೂ ಕಂಪ್ಯೂಟರಿನಲ್ಲಿ. ನನ್ನ ಮೇಲಿನವರಿಗೆ 29 ವರ್ಷ. ಜಿಎಸ್‌ಟಿ ವಿವರ ಸಲ್ಲಿಸುವುದನ್ನು ಮತ್ತೆ ಮತ್ತೆ ಅವರನ್ನು ಕೇಳಲು ನಾಚಿಕೆಯಾಗುತ್ತದೆ. ಬಿಟ್ಟುಬಿಡಲೆ?
– ಓದುಗರು, ಹುಬ್ಬಳ್ಳಿ

ಉತ್ತರ: ಬಿಡಬೇಡಿ ಅಮ್ಮ. ಡೆಬಿಟ್, ಕ್ರೆಡಿಟ್ ನಿಮ್ಮ ಬೆರಳ ತುದಿಯಲ್ಲಿವೆ, ಹೊಸದಾಗಿರುವುದು ಪರದೆ ಮಾತ್ರ. ಬಂದ ಬಂದ ಹಾಗೆ ಕೇಳುವುದರ ಬದಲು ದಿನದ ಸಂದೇಹಗಳನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ, ಸಂಜೆ ಹತ್ತು ನಿಮಿಷ ಬಿಡುವು ಕೇಳಿ ಒಟ್ಟಿಗೆ ಕೇಳಿ. ಅವರು ತೋರಿಸುವಾಗ ನೋಡುತ್ತಾ ನಿಲ್ಲಬೇಡಿ, ಮೌಸ್ ನಿಮ್ಮ ಕೈಯಲ್ಲೇ ಇರಲಿ. ಪ್ರತಿ ಹೆಜ್ಜೆಯನ್ನೂ ಕನ್ನಡದಲ್ಲಿ ಬರೆದುಕೊಳ್ಳಿ. ಜಿಎಸ್‌ಟಿಆರ್-1, 3ಬಿ ವಿವರಗಳು ತಿಂಗಳು ತಿಂಗಳೂ ಅದೇ ಕ್ರಮದಲ್ಲಿ ಬರುವುದರಿಂದ ಕೈ ಬೇಗ ಪಳಗುತ್ತದೆ. ಬ್ಯಾಂಕ್ ಪಾಸ್‌ಪುಸ್ತಕಕ್ಕೂ ಖಾತೆಗೂ ತಾಳೆಯಾಗದ ಕಡತಗಳು ಆ ಕಚೇರಿಯಲ್ಲಿ ಖಂಡಿತ ಇರುತ್ತವೆ. ಅಂಥದೊಂದನ್ನು ಕೇಳಿ ತೆಗೆದುಕೊಂಡು ಸರಿಮಾಡಿ ಕೊಡಿ.