ಬೆದರಿಸುವವನು ಮೈದುನನಾದರೆ

ಓದುಗರ ಪತ್ರ: ಗಂಡ ತೀರಿಹೋಗಿ ಎರಡು ವರ್ಷವಾಯಿತು. ಶಾಲೆಗೆ ಹೋಗುವ ಇಬ್ಬರು ಮಕ್ಕಳೊಂದಿಗೆ ಮಾವನವರು ಕಟ್ಟಿಸಿದ ಮನೆಯಲ್ಲೇ ಇದ್ದೇನೆ. ಮಾವನವರೂ ಈಗಿಲ್ಲ, ವಿಲ್ ಬರೆದಿಲ್ಲ, ಖಾತೆ ಇನ್ನೂ ಅವರ ಹೆಸರಲ್ಲೇ ಇದೆ. ಅದೇ ಮನೆಯಲ್ಲಿರುವ ಮೈದುನ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕು, ಇಲ್ಲದಿದ್ದರೆ ಮಕ್ಕಳ ಸಮೇತ ಮುಗಿಸುತ್ತೇನೆ ಎನ್ನುತ್ತಾನೆ. ಠಾಣೆಯಲ್ಲಿ ‘ಮನೆ ಜಗಳ, ಕೂತು ಬಗೆಹರಿಸಿಕೊಳ್ಳಿ’ ಎಂದು ಹಿಂಬರಹ ಕೊಟ್ಟು ಕಳಿಸಿದರು. ಕೌಟುಂಬಿಕ ದೌರ್ಜನ್ಯದ ಕಾನೂನು ಗಂಡನ ಮೇಲೆ ಮಾತ್ರವೇ? ತವರಿಗೆ ಹೋದರೆ ಮನೆಯ ಹಕ್ಕು ಹೋಗುತ್ತದೆಯೇ? ಅತ್ತೆ ನನ್ನ ಕಡೆಗಿದ್ದಾರೆ, ಅವರಿಂದ ಏನಾದರೂ ಆದೀತೇ? (ಹೆಸರು ಬೇಡವೆಂದಿದ್ದಾರೆ)

ಸಂಪಾದಕರ ಉತ್ತರ:

ಸಹೋದರಿ,

ಮೈದುನನ ವಿರುದ್ಧವೂ ರಕ್ಷಣೆ ಕೇಳಬಹುದು. ತವರಿಗೆ ಹೋದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಹಾಗಾಗಿ ಇವತ್ತು ರಾತ್ರಿ ಆ ಮನೆಯಲ್ಲಿ ಮಲಗುವುದೇ ಅಪಾಯ ಅನ್ನಿಸಿದರೆ ಹಕ್ಕಿನ ಲೆಕ್ಕ ಹಾಕುತ್ತ ಕೂರಬೇಡಿ. ಮಕ್ಕಳನ್ನು ಕರೆದುಕೊಂಡು ಹೊರಡಿ, 112ಕ್ಕೆ ಕರೆ ಮಾಡಿ. ಮಹಿಳಾ ಸಹಾಯವಾಣಿ 181ಕ್ಕೆ ಹೇಳಿದರೆ ಸಖಿ ಕೇಂದ್ರದಲ್ಲಿ ತಾತ್ಕಾಲಿಕ ಆಶ್ರಯದ ದಾರಿಯೂ ಇದೆ. ಆಧಾರ್, ಪಡಿತರ ಚೀಟಿ, ಪತಿಯ ಮರಣ ಪ್ರಮಾಣಪತ್ರ, ಮಕ್ಕಳ ಶಾಲೆಯ ದಾಖಲೆ ಇವಿಷ್ಟನ್ನು ಈಗಲೇ ಒಂದು ಚೀಲಕ್ಕೆ ಹಾಕಿ ನಂಬಿಕಸ್ಥರ ಮನೆಯಲ್ಲಿಡಿ.

ಠಾಣೆಯವರು ಹಿಂಬರಹ ಕೊಟ್ಟು ಕಳಿಸಿದ್ದರಲ್ಲಿ ಅಸಡ್ಡೆಯ ಜೊತೆಗೆ ಕಾನೂನಿನ ಒಂದು ತೊಡಕೂ ಇದೆ. ಕೊಲ್ಲುತ್ತೇನೆಂಬ ಬೆದರಿಕೆಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 351(3)ರಲ್ಲಿ 7 ವರ್ಷದವರೆಗೆ ಶಿಕ್ಷೆಯಿದ್ದರೂ, ಬರೀ ಬೆದರಿಕೆಯನ್ನು ಅಸಂಜ್ಞೇಯ ಅಪರಾಧದ ಪಟ್ಟಿಯಲ್ಲಿ ಇಟ್ಟಿದ್ದಾರೆ. ಅಂದರೆ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ‘ಎನ್‌ಸಿ ಆಗಿದೆ’ ಎನ್ನುವುದರ ಅರ್ಥ ಇದು. ಅವನು ಕತ್ತಿ, ಸೀಮೆಎಣ್ಣೆ ಹಿಡಿದು ಬಂದು ಗಾಯ ಮಾಡಿದ್ದರೆ ಮಾತು ಬೇರೆ. ಆಗ ಎಫ್‌ಐಆರ್ ದಾಖಲಿಸಲೇಬೇಕು, ನಿರಾಕರಿಸಿದರೆ ಎಸ್‌ಪಿಯವರಿಗೆ ಲಿಖಿತ ದೂರು ಕಳಿಸಬಹುದು. ಆದರೆ ‘ಕೂತು ಬಗೆಹರಿಸಿಕೊಳ್ಳಿ’ ಎಂದಷ್ಟೇ ಹೇಳಿದ್ದು ತಪ್ಪು. ಸಂರಕ್ಷಣಾಧಿಕಾರಿ ಯಾರು, ಮ್ಯಾಜಿಸ್ಟ್ರೇಟರ ಬಳಿ ಏನೇನು ಕೇಳಬಹುದು, ಉಚಿತ ವಕೀಲರು ಎಲ್ಲಿ ಸಿಗುತ್ತಾರೆ ಎಂದು ತಿಳಿಸುವುದು ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಕಲಂ 5ರ ಪ್ರಕಾರ ಅವರದೇ ಕರ್ತವ್ಯ. ಆ ಹಿಂಬರಹವನ್ನು ಸಿಟ್ಟಿನಲ್ಲಿ ಹರಿಯಬೇಡಿ. ಇಂಥ ದಿನ ಇಂಥ ಬೆದರಿಕೆಯ ಬಗ್ಗೆ ದೂರು ಕೊಟ್ಟಿದ್ದಿರಿ ಎಂಬುದಕ್ಕೆ ಅದೇ ನಿಮ್ಮ ಮೊದಲ ಸಾಕ್ಷ್ಯ.

ನೀವು ಹಿಡಿಯಬೇಕಾದ ದಾರಿ 2005ರ ಆ ಕಾಯ್ದೆಯೇ. ಒಂದೇ ಮನೆಯಲ್ಲಿ ಬಾಳುತ್ತಿರುವ ಅಥವಾ ಹಿಂದೆ ಬಾಳಿದ, ರಕ್ತಸಂಬಂಧ, ಮದುವೆ, ದತ್ತು ಇಲ್ಲವೇ ಅವಿಭಕ್ತ ಕುಟುಂಬದಿಂದ ನಂಟಾದವರೆಲ್ಲ ಅದರ ವ್ಯಾಪ್ತಿಗೆ ಬರುತ್ತಾರೆ. 2016ರಲ್ಲಿ ಸುಪ್ರೀಂ ಕೋರ್ಟ್ ‘ವಯಸ್ಕ ಪುರುಷ’ ಎಂಬ ಮಾತನ್ನೂ ತೆಗೆದುಹಾಕಿದ ಮೇಲೆ ಅತ್ತಿಗೆ, ನಾದಿನಿಯರ ವಿರುದ್ಧವೂ ಅರ್ಜಿ ಹಾಕಬಹುದು. ಮನೆ ಗಂಡನ ಹೆಸರಲ್ಲೇ ಇರಬೇಕಿಲ್ಲ ಎಂದು 2020ರ ಸತೀಶ್ ಚಂದರ್ ಅಹುಜಾ ತೀರ್ಪು ಹೇಳಿದೆ. ನಿಮಗೆ ಹೆಚ್ಚು ಒದಗುವುದು 2022ರ ಪ್ರಭಾ ತ್ಯಾಗಿ ತೀರ್ಪು. ಅಲ್ಲಿನ ಅರ್ಜಿದಾರರೂ ಗಂಡನನ್ನು ಕಳೆದುಕೊಂಡವರೇ. ಹಂಚಿಕೊಂಡು ಬಾಳಿದ ಮನೆಯಲ್ಲಿ ಅವರಿಗೆ ವಾಸದ ಹಕ್ಕಿದೆ ಎಂದು ನ್ಯಾಯಾಲಯ ಒಪ್ಪಿತು. ಈ ಎರಡೂ ಹೆಸರನ್ನು ಚೀಟಿಯಲ್ಲಿ ಬರೆದು ವಕೀಲರ ಕೈಗಿಡಿ.

ವಕೀಲರ ಶುಲ್ಕದ ಚಿಂತೆ ಬೇಡ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ ಅವರೇ ಸಂರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಅವರ ಕಚೇರಿ ತೋರಿಸುತ್ತಾರೆ. ಅವರು ಘಟನಾ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ವರದಿ ತಡವಾದರೆ ಕಾಯುತ್ತ ಕೂರಬೇಡಿ. ಅದಿಲ್ಲದೆಯೂ ನೇರವಾಗಿ ಅರ್ಜಿ ಹಾಕಬಹುದೆಂದು ಪ್ರಭಾ ತ್ಯಾಗಿ ತೀರ್ಪಿನಲ್ಲೇ ಇದೆ. ತವರಿಗೆ ಹೋಗಿದ್ದರೆ ಅಲ್ಲಿನ ನ್ಯಾಯಾಲಯದಲ್ಲೇ ಹಾಕಬಹುದು. ತಾತ್ಕಾಲಿಕ ವಾಸವೂ ಸಾಕು.

ಇಂಥ ಅರ್ಜಿಗಳು ಹೆಚ್ಚಾಗಿ ಸೊರಗುವುದು ಕಾನೂನಿನ ಕೊರತೆಯಿಂದಲ್ಲ, ಬರವಣಿಗೆಯಿಂದ. ‘ಪ್ರತಿವಾದಿಯು ಮಾನಸಿಕ ಹಾಗೂ ದೈಹಿಕ ಕಿರುಕುಳ ನೀಡುತ್ತಿದ್ದು’ ಎಂಬ ಸಿದ್ಧವಾಕ್ಯ ಪ್ರತಿ ಅರ್ಜಿಯಲ್ಲೂ ಇರುತ್ತದೆ. ಓದುವವರಿಗೆ ಅದರಿಂದ ಏನೂ ಕಾಣುವುದಿಲ್ಲ. ನಿಮ್ಮ ಅರ್ಜಿಯಲ್ಲಿ ತಾರೀಖು, ಹೊತ್ತು, ಜಾಗ, ಆಗ ಇದ್ದವರು, ಅವನ ಬಾಯಿಂದ ಬಂದ ಮಾತು ಬಂದ ಹಾಗೇ ಇರಲಿ. ಅಸಹ್ಯದ ಬೈಗುಳವನ್ನೂ ‘ಅವಾಚ್ಯ ಶಬ್ದ’ ಎಂದು ಮುಚ್ಚಬೇಡಿ. ಮೂರು ನಾಲ್ಕು ಘಟನೆ ಹೀಗೆ ಸ್ಪಷ್ಟವಾಗಿದ್ದರೆ ಮೂವತ್ತು ಪುಟದ ಗೋಳಿಗಿಂತ ಮೇಲು. ಹೊಡೆದಿಲ್ಲವಾದರೆ ಹೊಡೆದ ಎಂದು ಸೇರಿಸಬೇಡಿ, ಯಾರು ಹೇಳಿಕೊಟ್ಟರೂ ಸರಿ. ಪಾಟೀಸವಾಲಿನಲ್ಲಿ ಒಂದು ಸುಳ್ಳು ಸಿಕ್ಕಿದರೆ ಉಳಿದ ಹತ್ತು ನಿಜವೂ ಅದರ ಜೊತೆಗೆ ಮುಳುಗುತ್ತವೆ. ಆಸ್ತಿಯ ಕತೆಯನ್ನು ಮೊದಲ ಪುಟಕ್ಕೆ ತರಬೇಡಿ. ಬೆದರಿಕೆ ಮುಂದಿರಲಿ, ಸಹಿಯ ಒತ್ತಡ ಅದರ ಕಾರಣವಾಗಿ ಹಿಂದೆ ಬರಲಿ. ಇಲ್ಲವಾದರೆ ‘ಇದು ಸಿವಿಲ್ ವ್ಯಾಜ್ಯ’ ಎಂಬ ಎದುರು ವಕೀಲರ ವಾದಕ್ಕೆ ನೀವೇ ಮೆಟ್ಟಿಲು ಕಟ್ಟಿಕೊಟ್ಟಂತೆ.

ಫೋನಿನಲ್ಲಿ ಅವನ ಮಾತು, ವಾಟ್ಸ್‌ಆ್ಯಪ್ ಸಂದೇಶ ಇದ್ದರೆ ಅಳಿಸಬೇಡಿ, ಕತ್ತರಿಸಿ ಚಿಕ್ಕದು ಮಾಡಬೇಡಿ, ಫೋನ್ ಮಾರಬೇಡಿ. ಪ್ರತಿಯನ್ನು ಸಾಕ್ಷ್ಯವಾಗಿ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63(4)ರ ಪ್ರಮಾಣಪತ್ರ ಬೇಕಾಗುತ್ತದೆ. ಅದು ಮರೆತುಹೋಗಿ ಒಳ್ಳೆಯ ಧ್ವನಿಮುದ್ರಣವೂ ಕೆಲಸಕ್ಕೆ ಬಾರದಂತಾಗುವುದುಂಟು.

ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಕಲಂ 12ರ ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ 3 ದಿನದೊಳಗೆ ಮೊದಲ ವಿಚಾರಣೆ, ಅಲ್ಲಿಂದ 60 ದಿನದೊಳಗೆ ತೀರ್ಮಾನಕ್ಕೆ ಪ್ರಯತ್ನ ಎಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಎಷ್ಟೋ ಕಡೆ ತಿಂಗಳುಗಳು ಉರುಳುತ್ತವೆ. ಅದಕ್ಕೇ ಕಲಂ 23ರ ಮಧ್ಯಂತರ ಅರ್ಜಿಯನ್ನು ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಅದೇ ದಿನ ಪ್ರತ್ಯೇಕವಾಗಿ ಹಾಕಿಸಿ. ತುರ್ತು ಮನವರಿಕೆಯಾದರೆ ಮೈದುನನಿಗೆ ನೋಟಿಸ್ ತಲುಪುವ ಮೊದಲೇ ಏಕಪಕ್ಷೀಯ ಆದೇಶ ಸಿಗಬಹುದು. ನೋಟಿಸಿಗೆ ಅವನ ಮನೆಯ ವಿಳಾಸದ ಜೊತೆ ಕೆಲಸದ ಜಾಗವನ್ನೂ ಕೊಡಿ. ‘ಬಾಗಿಲು ಹಾಕಿತ್ತು’ ಎಂದು ವಾಪಸಾದ ನೋಟಿಸಿನಲ್ಲೇ ಎರಡು ಮೂರು ವಾಯಿದೆ ಹೋಗಿಬಿಡುತ್ತವೆ.

ಏನು ಕೇಳಬೇಕು? ಇದು ಎಲ್ಲಕ್ಕಿಂತ ಮುಖ್ಯ. ಕಲಂ 18ರ ರಕ್ಷಣಾ ಆದೇಶದಲ್ಲಿ ಅವನು ನಿಮ್ಮನ್ನಾಗಲಿ ಮಕ್ಕಳನ್ನಾಗಲಿ ಬೆದರಿಸಬಾರದು, ಫೋನ್ ಮಾಡಬಾರದು, ಬೇರೆಯವರ ಮೂಲಕ ಹೇಳಿಕಳಿಸಬಾರದು, ಮಕ್ಕಳ ಶಾಲೆಯ ಹತ್ತಿರ ಸುಳಿಯಬಾರದು, ನಿಮಗೆ ನೆರವಾದವರ ತಂಟೆಗೆ ಹೋಗಬಾರದು ಎಂದು ಒಂದೊಂದಾಗಿ, ಶಾಲೆಯ ಹೆಸರು ಸಹಿತ ಕೇಳಿ. ಕಲಂ 19ರ ವಾಸದ ಆದೇಶದಲ್ಲಿ ನಿಮ್ಮನ್ನು ಹೊರಹಾಕಬಾರದು, ಮನೆ ಮಾರಬಾರದು, ನಿಮ್ಮ ಕೋಣೆಗಳಿಗೆ ಕಾಲಿಡಬಾರದು, ಅಗತ್ಯವಾದರೆ ಅವನೇ ಮನೆ ಬಿಡಬೇಕು ಎಂದು ಕೇಳಬಹುದು. ಎರಡನ್ನೂ ಕೇಳಲೇಬೇಕು. ಏಕೆಂದರೆ ಆದೇಶ ಮುರಿದರೆ 1 ವರ್ಷದವರೆಗೆ ಸೆರೆ, 20,000 ರೂಪಾಯಿವರೆಗೆ ದಂಡ ಅಥವಾ ಎರಡೂ ಎನ್ನುವ ಕಲಂ 31 ಹೆಸರಿಸುವುದು ರಕ್ಷಣಾ ಆದೇಶವನ್ನು, ಮಧ್ಯಂತರ ರಕ್ಷಣಾ ಆದೇಶವನ್ನು. ಬರೀ ವಾಸದ ಆದೇಶ ಕೈಯಲ್ಲಿದ್ದರೆ ‘ಇದಕ್ಕೆ 31 ಬರುವುದಿಲ್ಲ’ ಎಂಬ ತಕರಾರು ಏಳುತ್ತದೆ.

ಆದೇಶ ಬಂದ ದಿನವೇ ಉಚಿತ ಪ್ರತಿ ಪಡೆದು ಠಾಣೆಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಶಾಲೆಗೂ ಒಂದು ಪ್ರತಿ ಕೊಡಿ. ಈಗ ಅದೇ ಬೆದರಿಕೆಯ ಮಾತು ಎನ್‌ಸಿ ಅಲ್ಲ. ಆದೇಶದ ಉಲ್ಲಂಘನೆ ಸಂಜ್ಞೇಯ, ಜಾಮೀನುರಹಿತ ಅಪರಾಧ, ನಿಮ್ಮೊಬ್ಬರ ಹೇಳಿಕೆಯ ಆಧಾರದ ಮೇಲೆಯೇ ಅಪರಾಧ ನಡೆದಿದೆ ಎಂಬ ತೀರ್ಮಾನಕ್ಕೆ ನ್ಯಾಯಾಲಯ ಬರಬಹುದು. ಇಲ್ಲಿ ಎಡವುವವರು ಬಹಳ. ಮೊದಲ ಸಲ ಮುರಿದಾಗ ‘ಹೋಗಲಿ, ಹಬ್ಬದ ದಿನ’ ಎಂದು ಬಿಡುತ್ತಾರೆ. ನೆಂಟರು ಕೂಡಿಸಿದ ರಾಜಿಯಲ್ಲಿ ಕೇಸು ವಾಪಸು ತೆಗೆಯುತ್ತಾರೆ, ಆರು ತಿಂಗಳಿಗೆ ಮತ್ತೆ ಮೊದಲಿನಿಂದ. ರಾಜಿಯಾಗುವುದೇ ಆದರೆ ಅದು ನ್ಯಾಯಾಲಯದ ಮುಂದೆ, ಬರಹದಲ್ಲಿ ಆಗಲಿ.

ಜೊತೆಗೇ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) ಕಲಂ 126ರಡಿ ಶಾಂತಿ ಕಾಪಾಡುವ ಮುಚ್ಚಳಿಕೆ ಬರೆಸಲು ಠಾಣೆಗೆ ಮನವಿ ಕೊಡಬಹುದು. ಅದರ ಆಯುಷ್ಯ ಹೆಚ್ಚೆಂದರೆ 1 ವರ್ಷ, ಹಾಗಾಗಿ ರಕ್ಷಣಾ ಆದೇಶಕ್ಕೆ ಬದಲಿಯಲ್ಲ. ಆಸ್ತಿಯ ವಿಷಯ ಚಿಕ್ಕದಾಗಿ: ನಿಮಗೆ ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುವುದಾದರೆ, ವಿಲ್ ಇಲ್ಲದ್ದರಿಂದ ಮಾವ ಮೊದಲು ತೀರಿಕೊಂಡರೂ ಪತಿ ಮೊದಲು ತೀರಿಕೊಂಡರೂ ನಿಮಗೂ ಮಕ್ಕಳಿಗೂ ಪಾಲಿದೆ. ಹಕ್ಕುಬಿಡುಗಡೆ ಪತ್ರಕ್ಕಾಗಲಿ ಖಾಲಿ ಕಾಗದಕ್ಕಾಗಲಿ ಸಹಿ ಬೇಡ. ನಿಮ್ಮನ್ನು ಬಿಟ್ಟು ಖಾತೆ ಬದಲಾಗದಂತೆ ಸ್ಥಳೀಯ ಸಂಸ್ಥೆಗೆ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಇನ್ನು ಅತ್ತೆಯವರು. ಅವರ ಕಣ್ಣೆದುರು ನಡೆದ ಘಟನೆಗಳಿಗೆ ಅವರ ಪ್ರಮಾಣಪತ್ರವನ್ನು (ಅಫಿಡವಿಟ್) ನಿಮ್ಮ ಅರ್ಜಿಗೆ ಲಗತ್ತಿಸಿ. ಹೆತ್ತ ತಾಯಿಯೇ ಮಗನ ವಿರುದ್ಧ ನಿಂತು ಹೇಳಿದ ಮಾತಿಗೆ ತೂಕ ಬೇರೆ. ಅವರನ್ನೂ ಮಗ ಬೆದರಿಸುತ್ತಿದ್ದರೆ, ಅವರೂ ಅದೇ ಮನೆಯ ಮಹಿಳೆಯಾದ್ದರಿಂದ ಕಲಂ 12ರಡಿ ತಮ್ಮದೇ ಅರ್ಜಿ ಹಾಕಬಹುದು. ವಯಸ್ಸು ಎಷ್ಟೇ ಇರಲಿ, ತಮ್ಮ ಖರ್ಚು ತಾವೇ ನಡೆಸಲಾಗದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಯಲ್ಲಿ ಮಗನಿಂದ ಜೀವನಾಂಶವನ್ನೂ ಕೇಳಬಹುದು. ಎರಡೂ ಅರ್ಜಿಗಳ ತಾರೀಖು, ಘಟನೆಗಳು ಒಂದಕ್ಕೊಂದು ತಾಳೆಯಾಗಬೇಕು. ಸಹಿ ಹಾಕುವ ಮೊದಲು ಅತ್ತೆ ಸೊಸೆ ಇಬ್ಬರೂ ವಕೀಲರ ಎದುರು ಕೂತು ಎರಡನ್ನೂ ಒಮ್ಮೆ ಗಟ್ಟಿಯಾಗಿ ಓದಿಸಿಕೊಳ್ಳಿ.