ಪರೀಕ್ಷೆಯಲ್ಲಿ 'ಶಿ ಗೋಸ್', ಮಾತಲ್ಲಿ 'ಶಿ ಗೋ'

ನಮಸ್ಕಾರ ಮೇಡಂ. ಎಂಟನೇ ಕ್ಲಾಸಿನ ಮಕ್ಕಳು 'ಶಿ ಗೋಸ್' ಅಂತ ಸರಿಯಾಗಿ ಬರೆದು, ಮಾತಾಡುವಾಗ ಮಾತ್ರ 'ಶಿ ಗೋ' ಅಂತಾರೆ, ನಾನೆಲ್ಲಿ ತಪ್ಪಿದೆ ಅಂತ ಕೇಳಿದ್ದೀರಿ. ನೀವು ತಪ್ಪಿಲ್ಲ. ಈ 'ಎಸ್' ತುಂಬ ತಡವಾಗಿ ಕೂರುವಂಥದ್ದು. ಕರ್ತೃ ಯಾರೆಂದು ನೆನಪಿಟ್ಟುಕೊಂಡು ಕ್ರಿಯಾಪದದವರೆಗೆ ಒಯ್ಯಬೇಕು, ಮಾತಿನ ಓಟದಲ್ಲಿ ಅದು ಕಷ್ಟ ಅಂತ ಭಾಷಾವಿಜ್ಞಾನಿ ಪೀನಮನ್ ವಿವರಿಸುತ್ತಾರೆ. ಕನ್ನಡದಲ್ಲಿ 'ಹೋಗುತ್ತಾಳೆ' ಅಂತ ಸಲೀಸಾಗಿ ಹೇಳುವ ಮಕ್ಕಳಿಗೂ ಈ ಕಷ್ಟ ತಪ್ಪಿದ್ದಲ್ಲ.

ಹಾಗಾಗಿ ಸುಮ್ನೆ ಮತ್ತೆ ನಿಯಮ ಬರೆಸಬೇಡಿ. 1979ರಿಂದ 1984ರವರೆಗೆ ನಡೆದ ಭಾಷಾಬೋಧನಾ ತಜ್ಞ ಎನ್. ಎಸ್. ಪ್ರಭು ಅವರ ಇಂಗ್ಲಿಷ್ ಕಲಿಸುವ ಪ್ರಯೋಗಕ್ಕೆ ನಮ್ಮ ಬೆಂಗಳೂರಿನದೇ ಹೆಸರು. ಅಲ್ಲಿ ವ್ಯಾಕರಣ ಪಾಠವೇ ಇರಲಿಲ್ಲ. ರೈಲಿನ ವೇಳಾಪಟ್ಟಿ, ನಕ್ಷೆ ಕೊಟ್ಟು ಲೆಕ್ಕ ಬಿಡಿಸಲು ಹೇಳುತ್ತಿದ್ದರು. ನೀವು ಮೆಜೆಸ್ಟಿಕ್ ಬಸ್ಸುಗಳ ವೇಳೆ ಕೊಡಿ. ಯಾವುದು ಎಷ್ಟಕ್ಕೆ ಹೊರಡುತ್ತೆ, ಇಂಗ್ಲಿಷಿನಲ್ಲೇ ಹೇಳಲಿ. 'ಬಸ್ ಲೀವ್' ಅಂದರೆ, 'ಓ, ಇಟ್ ಲೀವ್ಸ್ ಅಟ್ ಸಿಕ್ಸ್?' ಅಂತ ತಿರುಗಿ ಕೇಳಿ ಮುಂದುವರಿಯಿರಿ.

ಆದರೆ ವ್ಯಾಕರಣವನ್ನು ಪೂರ್ತಿ ಬಿಡುವುದು ಜಾಸ್ತಿಯಾಯಿತು ಅಂತ ನನ್ನ ಅನಿಸಿಕೆ. ಕೊನೆಯ ಐದು ನಿಮಿಷ ಆ 'ಎಸ್'ಗಳ ಕೆಳಗೆ ಗೆರೆ ಎಳೆಸಿ. ಮಾತಲ್ಲಿ ಬಿಟ್ಟುಹೋದರೆ ಅಂಕ ಮಾತ್ರ ಕಳೆಯಬೇಡಿ, ದಯವಿಟ್ಟು.