ಮುತ್ತು ನಿಜಕ್ಕೂ ಹೇಗೆ ಆಗುತ್ತದೆ?

ಸ್ವಾತಿ ಮಳೆಯ ಹನಿ ಚಿಪ್ಪಿಗೆ ಬಿದ್ದರೆ ಮುತ್ತಾಗುತ್ತದಾ ಅಂತ ಕೇಳಿದ್ದೀರಿ. ಇಲ್ಲ, ಮಳೆಗೂ ಮುತ್ತಿಗೂ ಸಂಬಂಧವಿಲ್ಲ. ಮರಳಿನ ಕಣದಿಂದ ಆಗುತ್ತದೆ ಅನ್ನುವುದೂ ಅಷ್ಟೇನೂ ಸರಿಯಲ್ಲ. ಚಿಪ್ಪಿನೊಳಗಿರುವುದು ಸಮುದ್ರದ ತಳದಲ್ಲೇ ಬದುಕುವ ಪ್ರಾಣಿ ಅಲ್ವಾ, ಮರಳನ್ನು ಹೊರಹಾಕುವುದು ಅದಕ್ಕೆ ಚೆನ್ನಾಗಿ ಗೊತ್ತು. ಜಾಸ್ತಿ ಸಲ ಆಗುವುದು ಹೀಗೆ: ಯಾವುದೋ ಪರಾವಲಂಬಿ ಹುಳ ಕೊರೆದಾಗಲೋ ಗಾಯವಾದಾಗಲೋ, ಚಿಪ್ಪನ್ನು ಕಟ್ಟುವ ಪೊರೆಯ ಒಂದಷ್ಟು ಜೀವಕೋಶಗಳು ಮೈಯೊಳಗೆ ಸೇರಿಕೊಂಡು ಪುಟ್ಟ ಚೀಲವಾಗುತ್ತವೆ, ಅಲ್ಲೂ ತಮ್ಮ ಕೆಲಸ ಬಿಡದೆ ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತು ಪ್ರೋಟೀನನ್ನು ಪದರ ಪದರವಾಗಿ ಕೂರಿಸುತ್ತಾ ಹೋಗುತ್ತವೆ. ಒಂದೊಂದು ಪದರವೂ ಕೂದಲಿಗಿಂತ ಎಷ್ಟೋ ಪಟ್ಟು ತೆಳು. ಅವುಗಳಲ್ಲಿ ಬೆಳಕು ಆಡುವುದರಿಂದಲೇ ಆ ಹೊಳಪು. ಇದು ಎಲ್ಲ ಚಿಪ್ಪಿನಲ್ಲೂ ನಡೆಯುವುದಿಲ್ಲ, ಹಾಗಾಗಿಯೇ ಹಿಂದೆ ತೂತ್ತುಕುಡಿ ಬಳಿಯ ಮನ್ನಾರ್ ಕೊಲ್ಲಿಯಲ್ಲಿ ಉಸಿರು ಕಟ್ಟಿ ಮುಳುಗಿ ರಾಶಿಗಟ್ಟಲೆ ಚಿಪ್ಪು ತಂದರೂ ಒಳ್ಳೆ ಮುತ್ತು ಸಿಗುತ್ತಿದ್ದದ್ದು ಕೆಲವೇ.